ಫ್ರೇಸರ್‌ಪೇಟೆಯ ಗಂಧ

ಮೈಸೂರಿನಿಂದ ಮಡಿಕೇರಿಗೆ ಹೊರಟವರು ಕೊಪ್ಪದ ಬಳಿ ಕಾವೇರಿ ಸೇತುವೆ ದಾಟಿದರೆ ಕುಶಾಲನಗರ. ನಿಸರ್ಗಧಾಮ, ದುಬಾರೆ, ಹೊಳೆಯಾಚೆಯ ಬೈಲುಕುಪ್ಪೆ ನೋಡಲು ಬರುವವರಿಂದ ಊರು ವರ್ಷವಿಡೀ ಗಿಜಿಗುಡುತ್ತದೆ. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿದ ಮೇಲೆ ಕರ್ನಲ್ ಫ್ರೇಸರ್ ಹೆಸರಿನಲ್ಲಿ ಇದು ಫ್ರೇಸರ್‌ಪೇಟೆ ಎನಿಸಿಕೊಂಡಿತ್ತು. ಹಳಬರ ಬಾಯಲ್ಲಿ ಈಗ ಅಪರೂಪವಾಗಿರುವ ಆ ಹೆಸರು ಸಸ್ಯರೋಗ ವಿಜ್ಞಾನದ ಪುಸ್ತಕಗಳಲ್ಲಿ ಮಾತ್ರ ಮಾಸಿಲ್ಲ. ಶ್ರೀಗಂಧವನ್ನು ಕೊಲ್ಲುವ ಸ್ಪೈಕ್ ರೋಗ ಮೊದಲು ವರದಿಯಾದದ್ದು ಇಲ್ಲಿಂದ, 1899ರಲ್ಲಿ.

ಕೊಡಗೆಂದರೆ ಸುರಿಮಳೆ, ಕಾಫಿ, ಏಲಕ್ಕಿ ಎಂದುಕೊಂಡವರಿಗೆ ಈ ಪೂರ್ವದ ಅಂಚು ಬೇರೆಯೇ ಊರಿನಂತೆ ಕಾಣುತ್ತದೆ. ಮಳೆ ಕಡಿಮೆ, ಬೇಸಿಗೆಯಲ್ಲಿ ಎಲೆ ಉದುರಿಸುವ ಕಾಡು. ಗಂಧಕ್ಕೆ ಬೇಕಾದದ್ದು ಇಂಥ ನೆಲವೇ. ಬೇಲಿಸಾಲಿನಲ್ಲಿ, ಪೊದೆಗಳ ನಡುವೆ ಅದು ತಾನಾಗಿಯೇ ಹುಟ್ಟುತ್ತಿತ್ತು. ಕಪ್ಪಗೆ ಮಾಗಿದ ಪುಟ್ಟ ಹಣ್ಣನ್ನು ಹಕ್ಕಿಗಳು ತಿಂದು ಬೀಜವನ್ನು ಊರೂರಿಗೆ ಬಿತ್ತುತ್ತಿದ್ದವು.

ರೋಗ ತಗುಲಿದ ಗಿಡವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಆರೋಗ್ಯವಾಗಿರುವ ಗಂಧದ ಎಲೆ ಮೊಟ್ಟೆಯಾಕಾರದ್ದು, ಎದುರುಬದುರಾಗಿ ಕೂತು ಹೊಳೆಯುತ್ತದೆ. ಸ್ಪೈಕ್ ಬಂದ ಟೊಂಗೆಯಲ್ಲಿ ಪ್ರತಿ ಹೊಸ ಚಿಗುರೂ ಹಿಂದಿನದಕ್ಕಿಂತ ಸಣ್ಣದು, ಸಪೂರ, ಹಳದಿ ಛಾಯೆಯದು. ಕೊನೆಗೆ ಟೊಂಗೆಯ ತುಂಬ ಮೊಳೆ ಹೊಡೆದಂತೆ ಎಲೆಗಳು ಸೆಟೆದು ನಿಲ್ಲುತ್ತವೆ. ಹೂ ಕಟ್ಟುವುದಿಲ್ಲ, ಆದ್ದರಿಂದ ಹಣ್ಣೂ ಇಲ್ಲ, ಬೀಜವೂ ಇಲ್ಲ. ಎರಡು ಮೂರು ವರ್ಷದಲ್ಲಿ ಮರ ಒಣಗಿ ಹೋಗುತ್ತದೆ.

ಆಗ ತಿಳಿದಿದ್ದ ಉಪಾಯ ಒಂದೇ, ಕಿತ್ತುಹಾಕುವುದು. 1903ರಿಂದ 1916ರೊಳಗೆ ಕೊಡಗು ಮತ್ತು ಮೈಸೂರು ಸೀಮೆಯಲ್ಲಿ ತೆಗೆದುಹಾಕಿದ ಗಂಧದ ಮರಗಳ ಲೆಕ್ಕ ಸುಮಾರು ಹತ್ತು ಲಕ್ಷ. 1907ರಲ್ಲಿ ಮದ್ದು ಕಂಡುಹಿಡಿದವರಿಗೆ ಮೈಸೂರು ಮಹಾರಾಜರು ಹತ್ತು ಸಾವಿರ ರೂಪಾಯಿ ಬಹುಮಾನ ಸಾರಿದರು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಅಡಿಕೆಯ ಕೊಳೆರೋಗಕ್ಕೆ ದಾರಿ ತೋರಿಸಿದ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನೂ ಹತ್ತಿದರು. ಕಸಿ ಮಾಡಿದರೆ ಇದು ಮರದಿಂದ ಮರಕ್ಕೆ ದಾಟುತ್ತದೆಂದು 1917ರಲ್ಲಿ ತೋರಿಸಿಕೊಟ್ಟವರು ಅವರು. ಮುಂದೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲೂ ಇದರ ಮೇಲೆ ಸಾಕಷ್ಟು ಕೆಲಸ ನಡೆಯಿತು. ರೋಗಕಾರಕ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು 1969ರಲ್ಲಿ. ರಸ ಹೀರುವ ಜಿಗಿಹುಳುಗಳು ಅದನ್ನು ಹರಡುತ್ತವೆ. ಟೆಟ್ರಾಸೈಕ್ಲಿನ್ ಚುಚ್ಚಿದರೆ ಮರ ಕೆಲ ತಿಂಗಳು ಚೇತರಿಸಿಕೊಂಡು ಮತ್ತೆ ಸೊರಗುತ್ತದೆ. ಮದ್ದು ಇಂದಿಗೂ ಸಿಕ್ಕಿಲ್ಲ.

ಆದರೆ ಗಂಧ ಬರಿದಾಗಲು ರೋಗವೊಂದೇ ಕಾರಣವಲ್ಲ. ಮೈಸೂರಿನಲ್ಲಿ 1792ರಲ್ಲಿ ಟಿಪ್ಪು ಇದನ್ನು ರಾಜವೃಕ್ಷವೆಂದು ಸಾರಿದ. ಕೊಡಗಿನಲ್ಲೂ ಗಂಧ ಸರ್ಕಾರದ ಸೊತ್ತೇ ಆಗಿತ್ತು. ತನ್ನ ಹೊಲದ ಬದುವಿನಲ್ಲಿ ಹುಟ್ಟಿದ ಮರ ತನ್ನದಲ್ಲ, ಕಳುವಾದರೆ ತಲೆನೋವು ಮಾತ್ರ ತನ್ನದು ಎಂದಾಗ ರೈತ ಸಸಿಯನ್ನು ಚಿಗುರಿನಲ್ಲೇ ಕಿತ್ತೆಸೆದದ್ದು ತಪ್ಪೆಂದು ನಾನು ಹೇಳಲಾರೆ. ಕಾಡಿನಲ್ಲಿ ರೋಗ ಮತ್ತು ಕಳ್ಳರು, ಊರಿನಲ್ಲಿ ಕಾಯ್ದೆಯ ಭಯ. ಗಂಧಕ್ಕೆ ನೆಲೆಯೇ ಇಲ್ಲವಾಯಿತು. 2001ರ ತಿದ್ದುಪಡಿ ಬಂದ ಮೇಲೆ ಜಮೀನಿನಲ್ಲಿರುವ ಗಂಧ ಜಮೀನುದಾರನದೇ. ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಬೆಳೆಸಲು ಯಾರ ಅಡ್ಡಿಯೂ ಇಲ್ಲ.

ಹಾಗಾಗಿ ಕುಶಾಲನಗರ, ಕೂಡಿಗೆ, ಮುಳ್ಳುಸೋಗೆಯ ಜನ ಸೇರಿ ಗಂಧವನ್ನು ಮತ್ತೆ ತರಬೇಕೆಂಬುದು ನನ್ನ ಬಲವಾದ ಆಸೆ. ಕಳೆದುಕೊಂಡ ಊರಿಗೆ ಬೆಳೆಸುವ ಹಕ್ಕೂ ಇದೆ, ಹೊಣೆಯೂ ಇದೆ. ಆದರೆ ವನಮಹೋತ್ಸವದ ದಿನ ಸಾಲಾಗಿ ಗುಂಡಿ ತೋಡಿ ನೆಟ್ಟು ಫೋಟೋ ತೆಗೆಸಿಕೊಂಡರೆ ಗಂಧ ಬದುಕುವುದಿಲ್ಲ. ಅದರ ಬೇರು ಪಕ್ಕದ ಗಿಡದ ಬೇರಿಗೆ ಕಚ್ಚಿಕೊಂಡು ನೀರು, ಲವಣ ಹೀರಬೇಕು. ನರ್ಸರಿಯಲ್ಲಿ ಅದೇ ಪಾಕೀಟಿನೊಳಗೆ ಒಂದು ತೊಗರಿ ಗಿಡವನ್ನೂ ಎಬ್ಬಿಸುವುದು ಅದಕ್ಕಾಗಿಯೇ. ನೆಟ್ಟ ಮೇಲೆ ಹೊಂಗೆ, ನೆಲ್ಲಿ, ಸರ್ವೆಯಂಥ ದೀರ್ಘಾಯುಷಿ ಮರ ಹತ್ತಿರದಲ್ಲಿರಬೇಕು. ಗಂಧವೊಂದನ್ನೇ ಒತ್ತೊತ್ತಾಗಿ ಬೆಳೆಸುವುದು ರೋಗವನ್ನು ಕರೆದು ಕೂರಿಸಿದಂತೆ. ಬೆರಕೆಯಾಗಿ, ಚೆದುರಿಸಿ ನೆಡುವುದೇ ಕಾಡಿನ ಪದ್ಧತಿ. ಶಾಲೆಯ ಆವರಣ, ದೇವಸ್ಥಾನದ ಹಿತ್ತಿಲು, ಕಾಫಿ ತೋಟದ ಬೇಲಿ, ಎಲ್ಲ ಕಡೆ ಒಂದೆರಡು ಸಾಕು. ಕಳ್ಳನ ಕಣ್ಣಿಗೂ ಊರವರ ಕಾವಲಿಗಿಂತ ದೊಡ್ಡ ಬೇಲಿ ಇಲ್ಲ.

ಮುಂಗಾರು ಹಿಡಿಯುವಷ್ಟರಲ್ಲಿ ಜೊತೆಗಿಡವಿರುವ ಸಸಿಯನ್ನೇ ಕೇಳಿ ತನ್ನಿ. ನೆಟ್ಟ ಗಿಡದ ಎಲೆ ಸಣ್ಣದಾಗುತ್ತಾ ಬಂದರೆ ಮುಚ್ಚಿಡಬೇಡಿ, ಕೂಡಲೇ ಅರಣ್ಯ ಇಲಾಖೆಯವರಿಗೆ ತೋರಿಸಿ.