ಒಡೆಯುವ ಮುನ್ನ ಓದಬೇಕಾದ ನೆಲ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯ ನೆಲದಡಿಯಲ್ಲಿ ಸುಣ್ಣಕಲ್ಲಿನ ಪದರಗಳು ಹಬ್ಬಿವೆ. ಮನೆಗಳಿಗೆ ಹಾಸುವ ಶಹಾಬಾದ ಕಲ್ಲು ಇಲ್ಲಿಯದೇ. ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳಿಗೆ ಆಧಾರವೂ ಅದೇ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಭೀಮಾತೀರದ ಶಿಲ್ಪಿಗಳು ಕಂಡರಿಸಿದ್ದೂ ಈ ಸುಣ್ಣಕಲ್ಲನ್ನೇ.

ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಮಾಳಿಗೆ 1986ರಲ್ಲಿ ಕುಸಿದು ಬಿದ್ದಿತು. ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಆಗ ಅಶೋಕನ ಶಾಸನ ಕಂಡುಬಂದಿತು. ಅವನ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನಗಳೊಡನೆ, ಕಳಿಂಗದಲ್ಲಿ ಮಾತ್ರ ತಿಳಿದಿದ್ದ ಎರಡು ಪ್ರತ್ಯೇಕ ಶಾಸನಗಳೂ ಅದರಲ್ಲಿದ್ದವು. ಪರಮತವನ್ನು ಹಳಿಯದೆ ಗೌರವಿಸಬೇಕೆಂದು ವಿಧಿಸುವುದು ಹನ್ನೆರಡನೆಯ ಶಾಸನ. ವಿಗ್ರಹವನ್ನು ನಿಲ್ಲಿಸಲು ಚಪ್ಪಡಿಯ ನಡುವೆ ರಂಧ್ರ ಕೊರೆದುದರಿಂದ ಹಲವು ಅಕ್ಷರಗಳು ಅಳಿದುಹೋಗಿವೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಅದು ಮೂಲದಲ್ಲಿ ನಿಂತಿದ್ದ ಸ್ಥಳದ ಸಾಕ್ಷ್ಯವೇ ಅದರೊಡನೆ ಬರಲಿಲ್ಲ.

ಸಮೀಪದ ಕನಗನಹಳ್ಳಿಯ ಕಥೆ ಬೇರೆ. ಅಲ್ಲಿ 1994ರಿಂದ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ಕ್ರಮಬದ್ಧವಾಗಿ ಉತ್ಖನನ ನಡೆಸಿ ಮಹಾಸ್ತೂಪವೊಂದನ್ನು ಹೊರತೆಗೆಯಿತು. ಬ್ರಾಹ್ಮೀ ಲಿಪಿಯಲ್ಲಿ ಹೆಸರು ಸಹಿತವಾದ ಅಶೋಕನ ಶಿಲ್ಪ ದೊರೆತುದು ಅಲ್ಲಿಯೇ. ಯಾವ ಫಲಕ ಎಲ್ಲಿ ಬಿದ್ದಿತ್ತು, ಯಾವ ಪದರದಲ್ಲಿ ಏನಿತ್ತು ಎಂಬುದು ದಾಖಲಾದುದರಿಂದ ಕಲ್ಲುಗಳು ಪರಸ್ಪರ ಸಾಕ್ಷಿ ಹೇಳುತ್ತವೆ.

ಕಾಗಿಣಾ ತೀರದ ಮಳಖೇಡವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ರಾಷ್ಟ್ರಕೂಟರ ಮಾನ್ಯಖೇಟವದು, ಅಮೋಘವರ್ಷ ನೃಪತುಂಗನ ರಾಜಧಾನಿ, ಜಿನಸೇನಾಚಾರ್ಯರನ್ನೂ ಗಣಿತಜ್ಞ ಮಹಾವೀರಾಚಾರ್ಯರನ್ನೂ ಗೌರವಿಸಿದ ಅರಸನ ಪಟ್ಟಣ. 972ರಲ್ಲಿ ಪರಮಾರ ಸೀಯಕನು ಅದನ್ನು ಸೂರೆಗೈದನು. ಇಂದು ನೇಮಿನಾಥ ಬಸದಿಯನ್ನೂ ಕೋಟೆಯನ್ನೂ ಕಂಡವರು ಮಾನ್ಯಖೇಟವನ್ನು ಕಂಡೆವೆಂದು ತಿಳಿಯುತ್ತಾರೆ. ಆದರೆ ರಾಜಧಾನಿಯೊಂದು ಕೋಟೆಗೋಡೆಗೇ ಮುಗಿಯುವುದುಂಟೆ? ಕುಂಬಾರರ, ಕಮ್ಮಾರರ, ವರ್ತಕರ ಕೇರಿಗಳು, ಕೆರೆ, ದಾರಿ, ಸ್ಮಶಾನಗಳು ಸುತ್ತಲಿನ ಹೊಲಗಳಲ್ಲಿಯೇ ಇರಬೇಕಷ್ಟೆ.

ಕಾನೂನಿನ ದೃಷ್ಟಿ ಅಷ್ಟು ದೂರ ಹೋಗುವುದಿಲ್ಲ. 1958ರ ಅಧಿನಿಯಮಕ್ಕೆ 2010ರಲ್ಲಿ ಆದ ತಿದ್ದುಪಡಿಯಂತೆ, ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಪಟ್ಟಿಗೆ ಸೇರದ ನೆಲೆಗೆ ಈ ರಕ್ಷೆಯಿಲ್ಲ. ಅಗೆದು ನೋಡದ ನೆಲೆಯು ಪಟ್ಟಿಗೆ ಸೇರುವ ಬಗೆಯಾದರೂ ಎಂತು? ಇಂಗ್ಲೆಂಡಿನಲ್ಲಿ 1990ರ ಮಾರ್ಗಸೂಚಿಯು, ಪುರಾವಶೇಷಗಳಿರುವ ಸಂಭವವಿದ್ದಲ್ಲಿ ಅನುಮತಿಗೆ ಮೊದಲೇ ನೆಲವನ್ನು ಪರೀಕ್ಷಿಸುವ ಕ್ರಮವನ್ನು ರೂಢಿಗೆ ತಂದಿತು.

ಇಂಥ ಪರೀಕ್ಷೆ ಉದ್ಯಮಕ್ಕೆ ಅಡ್ಡಿಯೆಂಬ ಆಕ್ಷೇಪವಿದೆ. ಸಾವಿರಾರು ಕುಟುಂಬಗಳ ಅನ್ನ ಈ ಕಾರ್ಖಾನೆಗಳಲ್ಲಿದೆ, ಅದನ್ನು ಲಘುವಾಗಿ ಕಾಣಲಾಗದು. ಆದರೆ ಪರೀಕ್ಷೆಯೆಂದರೆ ಗಣಿಯನ್ನು ಮುಚ್ಚುವುದಲ್ಲ. ಉಳುಮೆಯಾದ ಹೊಲದಲ್ಲಿ ನಡೆದು ಮಡಕೆಯ ಚೂರು, ಇಟ್ಟಿಗೆ, ಕಬ್ಬಿಣದ ಕಿಟ್ಟಗಳನ್ನು ಗುರುತಿಸುವುದು, ರೈತರನ್ನು ವಿಚಾರಿಸುವುದು, ಸಂಶಯವಿದ್ದಲ್ಲಿ ಸಣ್ಣ ಗುಂಡಿ ತೋಡುವುದು. ಬಹುಪಾಲು ಹೊಲಗಳಲ್ಲಿ ಏನೂ ಸಿಗಲಾರದು. ಅಲ್ಲಿ ಕೆಲಸ ಮುಂದುವರಿಯಬಹುದು. ಗಣಿಗಾರನಿಗೆ ಬೇಕಾದುದು ಅಡಿಯ ಬಂಡೆ. ಇತಿಹಾಸಕಾರನಿಗೆ ಬೇಕಾದುದು ಅದರ ಮೇಲಿನ ಮಣ್ಣು. ಗಣಿಯ ಯಂತ್ರವು ನಿರುಪಯೋಗಿಯೆಂದು ಮೊದಲ ದಿನವೇ ಕೆರೆದು ರಾಶಿ ಹಾಕುವುದು ಅದನ್ನೇ.