ಕೋಲಾರದ ಚಿನ್ನದ ಗಣಿಗಳಲ್ಲಿ ವರದಿಯೂ ಲೆಕ್ಕವೂ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಗಳಿಗೆ ಲೆಕ್ಕವಿಡುವ ಶಿಸ್ತು ಹೊಸದೇನಲ್ಲ. ತುಂಬಿ ಹರಿಯುವ ಹೊಳೆಗಳಿಲ್ಲದ ಈ ಕೆರೆಗಳ ನಾಡಿನಲ್ಲಿ ಶಾನುಭೋಗರ ಕಡತವೇ ಕಂದಾಯಕ್ಕೆ ಆಧಾರವಾಗಿತ್ತು. ಇದೇ ಜಿಲ್ಲೆಯ ಚಿನ್ನದ ಗಣಿಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮತ್ತೊಂದು ಬಗೆಯ ಲೆಕ್ಕವು ಬೇರೂರಿತು. ನಡೆದುದನ್ನು ದಾಖಲಿಸುವುದರ ಜೊತೆಗೆ, ಮುಂದೆ ನಡೆಯಬೇಕಾದುದನ್ನು ನಿರ್ಣಯಿಸುವುದು ಅದರ ಗುರಿ. ಈ ಲೆಕ್ಕವು ಉದ್ಯಮಕ್ಕೆ ಎಷ್ಟರಮಟ್ಟಿಗೆ ನೆರವಾಯಿತು, ಅದರ ಮಿತಿಗಳಾವುವು ಎಂಬುದನ್ನು ಇಲ್ಲಿ ಪರಿಶೀಲಿಸಲು ಯತ್ನಿಸುತ್ತೇವೆ.

1802ರಲ್ಲಿ ಮೈಸೂರಿನ ಪೂರ್ವದ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಎಂಬಾತನು ಊರಿಗಾಂ, ಮಾರಿಕುಪ್ಪಂ ಪ್ರದೇಶಗಳಲ್ಲಿ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನ ತೆಗೆಯುವ ಬಗೆಯನ್ನು ಪರೀಕ್ಷಿಸಿ ವರದಿ ಬರೆದನು. ಅನಂತರದ ಏಳು ದಶಕಗಳಲ್ಲಿ, ಕೆಲವು ಸಣ್ಣ ಪ್ರಯತ್ನಗಳನ್ನು ಬಿಟ್ಟರೆ, ಆ ವರದಿಯಿಂದ ದೊಡ್ಡ ಉದ್ಯಮವಾವುದೂ ಹುಟ್ಟಲಿಲ್ಲ. 1871ರಲ್ಲಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ನಿವೃತ್ತ ಸೈನಿಕ ಲವೆಲ್ ಅದನ್ನು ಓದಿದನು. 1873ರಲ್ಲಿ ಅರ್ಜಿ ಸಲ್ಲಿಸಿ, 1875ರಲ್ಲಿ ಇಪ್ಪತ್ತು ವರ್ಷಗಳ ಗಣಿ ಹಕ್ಕನ್ನು ಪಡೆದನು. ಆದರೆ ಬಂಡವಾಳ ಸಾಲದೆ ಆ ಹಕ್ಕು ಬೇರೆಯವರಿಗೆ ಹೋಯಿತು. ಸಂಗತಿಯನ್ನು ತಿಳಿಯುವುದು, ಅದನ್ನು ನಂಬಿ ಮುನ್ನಡೆಯುವುದು, ಮುನ್ನಡೆಯಲು ಶಕ್ತಿಯಿರುವುದು ಇವು ಮೂರೂ ಬೇರೆ ಬೇರೆ ಎಂಬುದನ್ನು ಈ ಪೂರ್ವಚರಿತ್ರೆಯೇ ತೋರಿಸುತ್ತದೆ.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯವರು ಗಣಿಗಳ ಆಡಳಿತಕ್ಕೆ ಬಂದರು. ಮೂರು ವರ್ಷಗಳಲ್ಲಿ ಮೈಸೂರು ಗಣಿ ಕಂಪೆನಿಯ ಬಂಡವಾಳವು ಕರಗಿ ಸುಮಾರು 13,000 ಪೌಂಡ್ ಮಾತ್ರ ಉಳಿಯಿತು. ಕೆಲಸವನ್ನು ನಿಲ್ಲಿಸಬೇಕೆಂಬ ಮಾತು ಹುಟ್ಟಿದಾಗ, ಉಳಿದ ಹಣದಿಂದ ಇನ್ನೊಮ್ಮೆ ಶೋಧಿಸಬೇಕೆಂದು ಟೇಲರ್ ಸಂಸ್ಥೆಯವರು ಷೇರುದಾರರನ್ನು ಒಪ್ಪಿಸಿದರು. ಇದಕ್ಕಾಗಿ ಬಂದ ಕ್ಯಾಪ್ಟನ್ ಪ್ಲಮರ್, ಪ್ರಾಚೀನರು ಅಗೆದು ಬಿಟ್ಟ ಗುಂಡಿಗಳ ಸಾಕ್ಷ್ಯವನ್ನು ಅನುಸರಿಸಿ ಚಾಂಪಿಯನ್ ಅದಿರುಪಟ್ಟಿಯನ್ನು ಕಂಡುಹಿಡಿದನು. ಕಂಪೆನಿಯನ್ನು ಉಳಿಸಿದ್ದು ಇದೇ ನೆಲದಲ್ಲಿ ದುಡಿದ ಹೆಸರರಿಯದ ಜನರು ಬಿಟ್ಟುಹೋಗಿದ್ದ ಮಾಹಿತಿ ಎಂಬುದು ಗಮನಾರ್ಹವಾದುದು.

ಆ ಬಳಿಕ ಮಾಹಿತಿಯ ಸಂಗ್ರಹವು ಗಣಿಯ ನಿತ್ಯದ ಕೆಲಸವಾಯಿತು. ಅದಿರಿನ ಮಾದರಿಗಳನ್ನು ತೆಗೆದು ಪರೀಕ್ಷಿಸಿ, ಒಂದು ಟನ್ನಿನಲ್ಲಿ ಎಷ್ಟು ಚಿನ್ನವಿದೆಯೆಂಬುದನ್ನು ಗಣಿಯ ನಕ್ಷೆಯಲ್ಲಿ ಗುರುತಿಸುವರು. ಒಂದು ಟನ್ ಅದಿರನ್ನು ಒಡೆದು, ಮೇಲೆತ್ತಿ, ಅರೆಯಲು ತಗಲುವ ವೆಚ್ಚವನ್ನು ಇದರೊಡನೆ ಹೋಲಿಸುವರು. ಯಾವ ಕಡೆ ಅಗೆಯಬೇಕು, ಯಾವ ಕಡೆ ಬಿಡಬೇಕು ಎಂಬುದನ್ನು ಈ ಹೋಲಿಕೆಯೇ ನಿರ್ಣಯಿಸುವುದು. ಚಿನ್ನದ ತಿಂಗಳ ಉತ್ಪತ್ತಿಯ ಲೆಕ್ಕ ಲಂಡನ್ನಿಗೆ ತಲಪುತ್ತಿತ್ತು. ಹಲವು ಕಂಪೆನಿಗಳು ಒಂದೇ ಆಡಳಿತಕ್ಕೆ ಒಳಪಟ್ಟಿದ್ದುದರಿಂದ ಒಂದು ಗಣಿಯ ಅನುಭವವು ಮತ್ತೊಂದಕ್ಕೆ ಒದಗುವಂತಿತ್ತು.

ವೆಚ್ಚದ ಲೆಕ್ಕದಲ್ಲಿ ಇಂಧನದ ಪಾಲು ದೊಡ್ಡದು. 1902ರಲ್ಲಿ ಶಿವನಸಮುದ್ರದಿಂದ 92 ಮೈಲಿಗಳ ದೂರ ವಿದ್ಯುಚ್ಛಕ್ತಿಯನ್ನು ತಂದು ಗಣಿಗಳಿಗೆ ಒದಗಿಸಿದುದು ಮೈಸೂರು ಸರ್ಕಾರದ ಸಾಹಸವೆಂದು ಪ್ರಸಿದ್ಧವಾಗಿದೆ. ಗಣಿಗಳಂಥ ಖಚಿತವಾದ, ದೊಡ್ಡ ಗಿರಾಕಿಯಿಲ್ಲದಿದ್ದರೆ ಈ ಸಾಹಸಕ್ಕೆ ಆರ್ಥಿಕವಾದ ಆಧಾರವಿರುತ್ತಿರಲಿಲ್ಲವೆಂದು ನಮ್ಮ ಅಭಿಪ್ರಾಯ.

ಈ ಲೆಕ್ಕಕ್ಕೆ ಮಿತಿಗಳೂ ಉಂಟು. ಗಣಿಗಳು ಆಳವಾದಂತೆ ಒತ್ತಡಕ್ಕೆ ಸಿಕ್ಕ ಬಂಡೆಗಳು ಸಿಡಿಯತೊಡಗಿ ಅನೇಕ ಕಾರ್ಮಿಕರ ಪ್ರಾಣಕ್ಕೆ ಎರವಾದುವು. ಚಿನ್ನದ ಉತ್ಪತ್ತಿಯನ್ನು ಮೊದಲಿನಿಂದಲೂ ತಿಂಗಳು ತಿಂಗಳೂ ಎಣಿಸಲಾಗುತ್ತಿತ್ತು. ಬಂಡೆಗಳ ಸಿಡಿತವನ್ನು ಗುರುತಿಸುವ ಕಂಪನಮಾಪಕಗಳ ಜಾಲವು ಸ್ಥಾಪಿತವಾದುದು 1978ರಲ್ಲಿ. ಅದಕ್ಕೆ ಬೇಕಾದ ವಿಜ್ಞಾನವು ತಡವಾಗಿ ಬೆಳೆಯಿತೆಂಬುದು ನಿಜ. ಆದರೂ ಉದ್ಯಮವು ಯಾವುದನ್ನು ಮೊದಲು ಅಳೆಯಿತೆಂಬುದನ್ನು ಚರಿತ್ರಕಾರನು ಕಡೆಗಣಿಸಲಾಗದು.

1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೂ, 1962ರಲ್ಲಿ ಕೇಂದ್ರ ಸರ್ಕಾರಕ್ಕೂ ಸೇರಿದುವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಹುಟ್ಟಿತು. ಸುಮಾರು 800 ಟನ್ ಚಿನ್ನವನ್ನು ಕೊಟ್ಟ ಗಣಿಗಳು 2001ರಲ್ಲಿ ಮುಚ್ಚಿದುವು. ಅದಿರಿನ ಸತ್ವ ಕುಗ್ಗಿ ಆಳವೂ ವೆಚ್ಚವೂ ಏರಿದ ಮೇಲೆ, ಲೆಕ್ಕವು ನಷ್ಟವನ್ನು ತೋರಿಸಬಲ್ಲುದೇ ಹೊರತು ಚಿನ್ನವನ್ನು ಹುಟ್ಟಿಸಲಾರದು. ಆದರೆ ಗಣಿಯನ್ನೇ ನಂಬಿದ್ದ ಸಂಸಾರಗಳ ಮುಂದಿನ ಬಾಳು ಆ ಲಾಭನಷ್ಟದ ಪಟ್ಟಿಯಲ್ಲಿ ಸೇರುವ ಬಾಬಲ್ಲ. ಆದ್ದರಿಂದ ಗಣಿಗಳ ಚರಿತ್ರೆಯನ್ನು ಅಭ್ಯಸಿಸುವವರು ಕಂಪೆನಿಗಳ ವರದಿಗಳ ಜೊತೆಗೆ, ಆ ವರದಿಗಳಿಗೆ ಸೇರದೆ ಉಳಿದ ಜೀವನವನ್ನೂ ಆಧಾರವಾಗಿ ಸಂಗ್ರಹಿಸಬೇಕಾದುದು ಅವಶ್ಯಕ.