ಹೆಸರೇ ಆರೋಪವಾದಾಗ

ಹುಬ್ಬಳ್ಳಿಯ ಗಂಗಾಧರನಗರದ ಭಾಗಕ್ಕೆ ‘ಸೆಟ್ಲಮೆಂಟ್’ ಎಂಬ ಇನ್ನೊಂದು ಹೆಸರಿದೆ. ಊರಿನವರ ಬಾಯಲ್ಲಿ ಸಲೀಸಾಗಿ ಬರುವ ಈ ಮಾತಿನ ಹಿಂದೆ ಒಂದು ಕಾಯ್ದೆಯ ಕಥೆ ಅಡಗಿದೆ.

1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ಜಾರಿಗೆ ತಂದಿತು. ಬಡಗಿಯ ಮಗ ಬಡಗಿಯಾಗುವಂತೆ ಕಳ್ಳನ ಮಗ ಕಳ್ಳನೇ ಆಗುತ್ತಾನೆ, ಅಪರಾಧ ರಕ್ತದಲ್ಲಿಯೇ ಹರಿದು ಬರುತ್ತದೆ ಎಂಬ ತಪ್ಪು ನಂಬಿಕೆ ಅದರ ತಳಹದಿ. ಮೊದಲು ಉತ್ತರ ಭಾರತದಲ್ಲಿದ್ದ ಈ ಕಾಯ್ದೆ 1911ರಲ್ಲಿ ಮುಂಬಯಿ ಪ್ರಾಂತ್ಯಕ್ಕೂ ಬಂತು. ಧಾರವಾಡ ಜಿಲ್ಲೆ ಆಗ ಆ ಪ್ರಾಂತ್ಯದಲ್ಲಿತ್ತು. ‘ಅಪರಾಧಿ’ಗಳೆಂದು ಸಾರಲಾದ ಸಮುದಾಯಗಳ ಕುಟುಂಬಗಳನ್ನು ಹುಬ್ಬಳ್ಳಿಯ ಸೆಟ್ಲಮೆಂಟಿಗೆ ತಂದಿರಿಸಿದರು. ಹಾಜರಿ ಕೊಡಬೇಕು, ಪರವಾನಗಿ ಇಲ್ಲದೆ ಹೊರಗೆ ಹೋಗಕೂಡದು. ಕಳವು ಮಾಡಿದವನಿಗೂ ಮಾಡದವನಿಗೂ, ಆಗ ತಾನೇ ಹುಟ್ಟಿದ ಕೂಸಿಗೂ ಒಂದೇ ಹಣೆಪಟ್ಟಿ.

ಹೀಗೆ ಹಣೆಪಟ್ಟಿ ಹೊತ್ತವರಲ್ಲಿ ಗಂಟಿಚೋರರೂ ಸೇರಿದ್ದರು. ಗಂಟು ಕದಿಯುವವರು ಎಂಬ ಅರ್ಥದ ಈ ಬೈಗುಳವೇ ಸರ್ಕಾರಿ ಕಾಗದದಲ್ಲಿ ಸಮುದಾಯದ ಹೆಸರಾಯಿತು. ಬಾಯಿಂದ ಬಂದ ಬೈಗುಳ ಗಾಳಿಗೆ ಹೋಗಬಹುದು. ದಫ್ತರದಲ್ಲಿ ಬರೆದದ್ದು ಮುಂದಿನ ತಲೆಮಾರಿಗೂ ಉಳಿಯುತ್ತದೆ.

ಇಂಥ ಹೆಸರು ಮನಸ್ಸಿಗೆ ಏನು ಮಾಡುತ್ತದೆ? ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಸಂಶೋಧಕರು ಉತ್ತರ ಪ್ರದೇಶದಲ್ಲಿ ನಡೆಸಿದ ಒಂದು ಪ್ರಯೋಗ 2004ರಲ್ಲಿ ವರದಿಯಾಯಿತು. ಅಲ್ಲಿ ಹಳ್ಳಿಯ ಹುಡುಗರಿಗೆ ದಾರಿ ಹುಡುಕುವ ಚಿತ್ರಒಗಟುಗಳನ್ನು ಕೊಟ್ಟಿದ್ದರು. ಜಾತಿಯನ್ನು ಹೇಳದಿದ್ದಾಗ ಮೇಲ್ಜಾತಿಯ ಮತ್ತು ಕೆಳಜಾತಿ ಎನಿಸಿಕೊಂಡ ಹುಡುಗರು ಸರಿಸಮವಾಗಿ ಬಿಡಿಸಿದರು. ಎಲ್ಲರೆದುರು ಜಾತಿಯನ್ನು ಹೇಳಿದಾಗ ಎರಡನೆಯವರ ಸಾಧನೆ ಕುಸಿಯಿತು. ಬುದ್ಧಿ ಅದೇ, ಒಗಟೂ ಅದೇ. ನಡುವೆ ಬಂದದ್ದು ಒಂದು ಹೆಸರು ಮಾತ್ರ. ಬರೀ ಜಾತಿಯ ಹೆಸರೇ ಇಷ್ಟು ಮಾಡಬಲ್ಲದಾದರೆ, ‘ಚೋರ’ ಎಂಬ ಆರೋಪವನ್ನೇ ಹೊತ್ತ ಹೆಸರು ತರಗತಿಯಲ್ಲಿ ಕುಳಿತ ಮಗುವಿಗೆ ಎಷ್ಟು ಭಾರವಾದೀತೆಂಬುದನ್ನು ನಾವು ಊಹಿಸಬಹುದು.

ಮುಂಬಯಿ ಪ್ರಾಂತ್ಯದಲ್ಲಿ 1949ರಲ್ಲಿ ಈ ಕಾಯ್ದೆ ರದ್ದಾಯಿತು. ದೇಶದಾದ್ಯಂತ 1952ರ ಆಗಸ್ಟ್ 31ರಂದು. ಆ ಸಮುದಾಯಗಳು ‘ವಿಮುಕ್ತ’ ಎನಿಸಿಕೊಂಡವು. ಆದರೆ ಹೆಸರಿನಿಂದ ವಿಮುಕ್ತಿ ಸಿಗಲಿಲ್ಲ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿಯೂ ಗಂಟಿಚೋರ್ ಎಂಬ ಹೆಸರೇ ಇದೆ. ಓದಲು, ನೌಕರಿ ಪಡೆಯಲು ಅವರ ಮಕ್ಕಳಿಗೆ ಜಾತಿ ಪ್ರಮಾಣಪತ್ರ ಬೇಕು. ಹಕ್ಕನ್ನು ಕೊಡುವ ಆ ಕಾಗದವೇ ಅವಮಾನವನ್ನೂ ಹೊತ್ತು ತರುತ್ತದೆ. ಎರಡರಲ್ಲಿ ಒಂದನ್ನು ಮಾತ್ರ ಪಡೆಯುವ ದಾರಿ ಅವರಿಗಿಲ್ಲ.

ವಿದ್ಯಾರ್ಥಿಗಳಾದ ನಾವು ಪಟ್ಟಿಯನ್ನು ತಿದ್ದಲಾರೆವು. ಆದರೆ ಸಹಪಾಠಿಯನ್ನು ಯಾವ ಹೆಸರಿನಿಂದ ಕರೆಯಬೇಕೆಂಬುದು ನಮ್ಮ ಕೈಯಲ್ಲಿಯೇ ಇದೆ. ಅವನಿಗೆ ತಾಯಿತಂದೆ ಇಟ್ಟ ಹೆಸರೊಂದು ಇದ್ದೇ ಇದೆ.